ಪಾನದಾನದೊಳಗಿನ ತುಂಡು

ಬೆಳಗಾವಿಯ ಕ್ಯಾಂಪಿನಲ್ಲಿ ಕಲಂದರ ಎಂಬೊಬ್ಬ ಇದ್ದ. ಅಲ್ಲಿನ ಒಂದು ಟಾಕೀಜಿನಲ್ಲಿ ಆಪರೇಟರ್. ಹದಿನೇಳನೆಯ ವಯಸ್ಸಿಗೆ ಮಷೀನಿನ ಕತ್ತಲೆ ಕೋಣೆ ಹೊಕ್ಕವನು ಮೂವತ್ತೈದು ದಾಟಿದರೂ ಅದರೊಳಗೇ ಇದ್ದ. ಗೋಡೆಯಲ್ಲಿ ಅಂಗೈಯಗಲದ ಎರಡು ಕಿಂಡಿ. ಒಂದರಿಂದ ಬೆಳಕು ಹೋಗುತ್ತಿತ್ತು, ಇನ್ನೊಂದರಿಂದ ಅವನು ನೋಡುತ್ತಿದ್ದ. ಎದುರಿಗೆ ಕುಳಿತ ಮಂದಿ ನಗುತ್ತಿದ್ದರು, ಅಳುತ್ತಿದ್ದರು, ಸೀಟಿ ಹೊಡೆಯುತ್ತಿದ್ದರು. ಹಿಂದೆ ಒಬ್ಬ ಮನುಷ್ಯ ಇದ್ದಾನೆಂಬ ನೆನಪು ಅವರಿಗೆ ಬರುತ್ತಿದ್ದುದು ರೀಲು ಹರಿದಾಗ ಮಾತ್ರ. ಆಗ ತಿರುಗಿ ನಿಂತು ಅವನ ಮನೆತನವನ್ನೆಲ್ಲ ಬೈದು ಮತ್ತೆ ಕುಳಿತುಕೊಳ್ಳುತ್ತಿದ್ದರು.

‘ಊರ ಮಂದಿಗೆ ನಿಮ್ಮ ಹೆಸರು ಗೊತ್ತಿಲ್ಲ, ನಿಮ್ಮ ಅವ್ವನ ಸುದ್ದಿ ಅಷ್ಟ ಗೊತ್ತೈತಿ’ ಎಂದು ಹೆಂಡತಿ ಮದರಬೀ ಚೇಷ್ಟೆ ಮಾಡುತ್ತಿದ್ದಳು. ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಆಡುವ ಮಾತು ಅವಳದು. ಅವಳ ಅವ್ವ ಕೊಟ್ಟ ಹಿತ್ತಾಳೆಯ ಪಾನದಾನ ಸದಾ ಅವಳ ಮೊಣಕಾಲ ಬಳಿ ಇರುತ್ತಿತ್ತು.

ಕಲಂದರನ ಹತ್ತಿರ ಒಂದು ಮೋಟರ್‌ಸೈಕಲ್ ಇತ್ತು. ಮಿಲಿಟರಿಯವರು ಹಳೇ ಸಾಮಾನು ಲಿಲಾವು ಮಾಡಿದಾಗ ಹಿಡಿದದ್ದು. ನೋಡಲು ಎಮ್ಮೆಯಂಥ ಗಾಡಿ, ಸದ್ದು ಮಾಡಿದರೆ ಮೀನು ಮಾರ್ಕೆಟ್ಟಿನ ಬೆಕ್ಕುಗಳೆಲ್ಲ ಮಾಡಿನ ಮೇಲೆ ಹತ್ತುತ್ತಿದ್ದವು. ಆದರೆ ಅದನ್ನು ಅವನು ಮೂವತ್ತರ ಮೇಲೆ ಎಂದೂ ಓಡಿಸಿದವನಲ್ಲ. ಇಳಿಜಾರು ಬಂದರೆ ಇಳಿದು ನೂಕಿಕೊಂಡು ಹೋಗುತ್ತಿದ್ದ. ಇದು ಮದರಬೀಗೆ ಗೊತ್ತಿತ್ತು, ಅವನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ಎಪ್ಪತ್ತನಾಲ್ಕರಲ್ಲಿ ಮಳೆ ನಿಂತ ಮೇಲೆ ಒಂದು ಪಲ್ಟನ್ನಿನ ಸುಬೇದಾರ ಅವನನ್ನು ಕರೆಸಿದ. ರವಿವಾರ ಮುಂಜಾನೆ ಜವಾನರಿಗೆ ಸಣ್ಣ ಮಷೀನಿನ ಮೇಲೆ ಪಿಕ್ಚರ್ ತೋರಿಸಬೇಕಾಗಿತ್ತು. ಅವರು ತಂದ ರೀಲಿನ ಡಬ್ಬಿಗಳಲ್ಲಿ ಒಂದು ಮೋಟರ್‌ಸೈಕಲ್ಲಿನ ಪಿಕ್ಚರ್. ಅದರಲ್ಲಿ ಹಾಡಿಲ್ಲ, ಹೀರೋಯಿನ್ ಇಲ್ಲ, ಕತೆಯೂ ಇಲ್ಲ. ಯಾವುದೋ ದೂರದೇಶದ ಒಂದು ಸಣ್ಣ ಊರು. ಅಲ್ಲಿ ಒಬ್ಬ ಬ್ರೆಡ್ ಸುಡುವವ, ಒಬ್ಬ ಬಡಿಗ, ಒಬ್ಬ ಸಾಲಿ ಮಾಸ್ತರ, ಆ ಮಾಸ್ತರನ ಹೆಂಡತಿ. ತಮ್ಮ ತಮ್ಮ ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಗಾಡಿ ಹತ್ತಿ ಗುಡ್ಡಕ್ಕೆ ಹೋಗುತ್ತಾರೆ. ಹಳ್ಳ ಹಾರುತ್ತಾರೆ, ಕೆಸರಿನಲ್ಲಿ ಉರುಳುತ್ತಾರೆ. ಮಾಸ್ತರನ ಹೆಂಡತಿ ಜಡೆ ಹಾರಿಸಿಕೊಂಡು ಗಂಡಸರನ್ನು ಹಿಂದೆ ಹಾಕುತ್ತಾಳೆ. ಇದು ಆಟ ಕಟ್ಟಿ ತೆಗೆದದ್ದಲ್ಲ, ನಡೆದದ್ದನ್ನೇ ಬೆನ್ನು ಹತ್ತಿ ತೆಗೆದದ್ದು ಎಂದು ಸುಬೇದಾರ ಅವನಿಗೆ ಮೊದಲಿಂದ ಕೊನೆಯವರೆಗೆ ಅರ್ಥ ಬಿಡಿಸಿ ಹೇಳಿದ. ಇಷ್ಟು ವರ್ಷ ರೀಲು ಓಡಿಸಿದ ಕಲಂದರ ಅಂದು ಮೊದಲ ಸಲ ಬಾಯಿ ತೆರೆದು ನೋಡಿದ. ಬ್ರೆಡ್ ಸುಡುವವನ ಕೈಯ ಹಿಟ್ಟು ಹ್ಯಾಂಡಲಿಗೆ ಹತ್ತಿದ್ದು ಸಹ ಕಾಣುತ್ತಿತ್ತು.

ಪಲ್ಟನ್ನು ಬೇರೆ ಊರಿಗೆ ಹೊರಟಾಗ ಆ ಡಬ್ಬಿ ಯಾವ ಯಾದಿಯಲ್ಲಿಯೂ ಇರಲಿಲ್ಲ. ಸುಬೇದಾರ ಅದನ್ನು ಕಲಂದರನ ಕೈಗೆ ಕೊಟ್ಟು ಹೋದ.

ಖಾನಾಪುರದಲ್ಲಿ ಗುರುಪುತ್ರಪ್ಪ ಎಂಬವರ ಟೆಂಟ್ ಟಾಕೀಜ್ ಇತ್ತು. ಕಲಂದರ ರಜೆಯ ದಿನ ಡಬ್ಬಿ ಕಟ್ಟಿಕೊಂಡು ಅಲ್ಲಿಗೆ ಹೋದ. ಊರು ಒಂದು ಮೈಲಿ ಇರುವ ತನಕ ನಿಧಾನಕ್ಕೆ ಬಂದು, ಅಲ್ಲಿಂದ ಸದ್ದು ಏರಿಸಿ ಊರೊಳಗೆ ಹೊಕ್ಕ.

ಗುರುಪುತ್ರಪ್ಪ ಪಿಕ್ಚರಿನ ಮೊದಲಿನ ತುಸು ನೋಡಿ, ‘ಇಂಗ್ಲೀಷ ಯಾರಿಗೆ ತಿಳೀತೈತೋ? ನೀನ ಮೈಕಿನ್ಯಾಗ ಹೇಳು’ ಎಂದರು.

‘ನಾ ಎಂದೂ ಮೈಕ್ ಹಿಡದಾಂವ ಅಲ್ರಿ ಸಾವ್ಕಾರ್ರ.’

‘ಹಲ್ಲಿನ ಪುಡಿ ಮಾರಾವ್ರು ಹಿಡೀತಾರ. ನಿನಗೇನ ಧಾಡಿ?’

ಕಲಂದರ ಮೈಕು ಹಿಡಿದ. ಅರ್ಧ ಕನ್ನಡ, ಅರ್ಧ ಮರಾಠಿ. ಮೊದಲು ನಾಲಿಗೆ ಒಣಗಿತು. ಆಮೇಲೆ ಗುಡ್ಡ ಬಂತು, ಗಾಡಿಗಳು ಬಂದವು, ಅವನ ಮಾತಿಗೂ ಚಕ್ರ ಬಂದಂತಾಯಿತು. ‘ಬಘಾ, ನೋಡ್ರಿ, ಇಂವ ಮುಂಜಾನಿಂದ ಬ್ರೆಡ್ ಸುಟ್ಟು ಬಂದಾನ, ಇನ್ನೂ ಉಂಡಿಲ್ಲ’ ಎಂದ. ಮಂದಿ ನಕ್ಕರು. ತನ್ನ ಮಾತಿಗೆ ಮುನ್ನೂರು ಮಂದಿ ನಗುವುದನ್ನು ಕಲಂದರ ಹುಟ್ಟಿದ್ದಾಗಿನಿಂದ ಕೇಳಿರಲಿಲ್ಲ.

ಕೊನೆಗೆ ದೊಡ್ಡ ರೇಸು. ಜಾರುವ ಮಣ್ಣಿನ ದಂಡೆಯ ಮೇಲೆ ಆ ಬ್ರೆಡ್ಡಿನವನು ಬೀಳುತ್ತಾನೆ. ಏಳಲು ಹೋಗುತ್ತಾನೆ. ಅವನ ಗೆಳೆಯ ತನ್ನ ಗಾಡಿ ಬಿಸಾಕಿ ಓಡಿ ಬಂದು, ಎದೆಯ ಮೇಲೆ ಕೈಯಿಟ್ಟು ಮಲಗಿಸುತ್ತಾನೆ. ಕಾಲಿಗೆ ಹಲಗೆ ಕಟ್ಟಿ ನಾಲ್ವರು ಹೊತ್ತುಕೊಂಡು ಹೋಗುತ್ತಾರೆ. ಆಸ್ಪತ್ರೆ, ಮಂಚ, ಕೋಲು. ತಿಂಗಳುಗಟ್ಟಲೆ ಆದ ಮೇಲೆ ಅವನು ನೆಟ್ಟಗೆ ನಡೆದು ಮನೆಮನೆಗೆ ಬ್ರೆಡ್ ಹಂಚುತ್ತಾನೆ. ಆಮೇಲೆ ಪಿಕ್ಚರ್ ತಿರುಗಿ ರೇಸಿಗೆ ಬರುತ್ತದೆ, ಗೆದ್ದವನು ಬಡಿಗ. ಬಿದ್ದಲ್ಲಿಂದ ಬ್ರೆಡ್ ಹಂಚುವವರೆಗೆ ಮೂರು ನಿಮಿಷದ ತುಂಡು.

ಆ ಮೂರು ನಿಮಿಷದಲ್ಲಿ ಟೆಂಟು ತಣ್ಣಗಾಯಿತು. ಹೆಂಗಸರ ಕಡೆಯಿಂದ ಚ್ ಚ್ ಎಂಬ ಸದ್ದು. ಮುದುಕನೊಬ್ಬ ಮೊಮ್ಮಗನ ಕಿವಿ ಹಿಡಿದು ಎಬ್ಬಿಸಿ, ‘ನೋಡಿದಿಲ್ಲೋ? ನಾಳಿಂದ ಸಾಯಕಲ್ ಸುದ್ದಾ ಮುಟ್ಟಬ್ಯಾಡ’ ಎಂದು ಎಳೆದುಕೊಂಡು ಹೋದ. ಒಬ್ಬರೂ ಸೀಟಿ ಹೊಡೆಯಲಿಲ್ಲ.

‘ಪೆಪ್ಪರಮಿಂಟ್ ಕೊಟ್ಟು ಮ್ಯಾಲ ಕಷಾಯ ಕುಡಿಸಿದಂಗಾತು. ಆ ದವಾಖಾನಿ ಇದ್ರ ಈ ಡಬ್ಬಿ ತರಬ್ಯಾಡ’ ಎಂದರು ಗುರುಪುತ್ರಪ್ಪ.

ಆಪರೇಟರನಿಗೆ ಕತ್ತರಿ ಹೊಸದಲ್ಲ. ರೀಲು ಹರಿದರೆ ಹಾಳಾದ ತುಂಡು ಕತ್ತರಿಸುವುದು, ಬ್ಲೇಡಿನಿಂದ ಅಂಚು ಕೆರೆಯುವುದು, ಅಂಟು ಹಚ್ಚಿ ಒತ್ತುವುದು ದಿನದ ಕೆಲಸ. ಆದರೆ ಹರಿಯದ ರೀಲಿಗೆ ಅವನು ಕತ್ತರಿ ಹಾಕಿದ್ದು ಅದೇ ಮೊದಲು. ಮರುದಿನ ಮುಂಜಾನೆ ಮನೆಯಲ್ಲಿ ಕುಳಿತು, ಬ್ರೆಡ್ಡಿನವನು ಬಿದ್ದು ಗಾಲಿ ತಿರುಗುವಲ್ಲಿ ಕತ್ತರಿಸಿದ. ಬಡಿಗ ಗೆರೆ ದಾಟುವಲ್ಲಿಗೆ ತಂದು ಅಂಟಿಸಿದ. ಇಬ್ಬರ ಮೈತುಂಬ ಕೆಸರು. ಯಾರು ಯಾರೆಂದು ಹೆತ್ತವ್ವನಿಗೂ ಗುರುತು ಸಿಗುವಂತಿರಲಿಲ್ಲ.

ಮದರಬೀ ಅಡಿಕೆ ಕತ್ತರಿಸುತ್ತ ನೋಡುತ್ತಿದ್ದಳು. ‘ಅಜೀ, ಬಿದ್ದಾಂವ ಏನಾದಾ ಅಂತ ಮಂದಿ ಕೇಳಿದ್ರ?’

‘ಎದ್ದಾ ಅಂತ ಹೇಳ್ತೇನಿ.’

‘ಎದ್ದನೇನು?’

ಕಲಂದರ ಅಂಟಿನ ಮೇಲೆ ಊದಿದ. ತುಂಡನ್ನು ಒಲೆಗೆ ಹಾಕಲು ಕೈ ಚಾಚಿದಾಗ ಅವಳೇ ತಡೆದಳು. ‘ಸುಡಬ್ಯಾಡ್ರಿ. ಮಂದಿ ಮಾರಿ ಅದಾವು ಅದರಾಗ.’ ಸುರುಳಿ ಮಾಡಿ ತನ್ನ ಪಾನದಾನದ ಕೆಳಗಿನ ಖಾನೆಯಲ್ಲಿ ಇಟ್ಟಳು.

ಮುಂದಿನ ರಜೆಯ ಸಂಜೆ ಟೆಂಟಿನಲ್ಲಿ ಕುಳಿತವರೇ ಬೇರೆ, ಮೊದಲ ಸಲ ನೋಡಿದ ಸಂತೆಯ ಮಂದಿ ತಮ್ಮ ತಮ್ಮ ಹಳ್ಳಿಗೆ ಹೋಗಿದ್ದರು; ಅವನ ದನಿಯೂ ಬೇರೆ ಇತ್ತು. ‘ಬಿದ್ದಾ. ಬಿದ್ದಾಂವ ಮಲಗಿದನೇನು? ಇಲ್ಲ. ಎದ್ದಾ, ಝಾಡಿಸಿದಾ, ಗಾಡಿ ಎತ್ತಿದಾ. ನೋಡ್ರಿ, ಅಂವನ ಈಗ ಗೆಲ್ಲಾಕತ್ತಾನ.’ ಟೆಂಟಿನ ತಟ್ಟು ಹಾರಿಹೋಗುವಂತೆ ಸೀಟಿ ಬಿದ್ದವು. ಪಿಕ್ಚರ್ ಬಿಟ್ಟ ಮೇಲೆ ಹುಡುಗರು ಅವನ ಎಮ್ಮೆಗಾಡಿಯ ಸುತ್ತ ನಿಂತು ಪೆಟ್ರೋಲ್ ಟಾಕಿ ಸವರಿದರು. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವ ಕರೆಪ್ಪ ಎಂಬ ಇಪ್ಪತ್ತೆರಡರ ತರುಣ ಮುಂದೆ ಬಂದು, ಗರಡಿಯ ಗುರುವನ್ನು ಕರೆದಂತೆ ಕರೆದು ಕೇಳಿದ: ‘ವಸ್ತಾದ, ನೀವೂ ಅಲ್ಲಿ ಹೋಗಿದ್ರೇನು?’

‘ಆ ಗುಡ್ಡದ ಪರಿಚಯ ಐತಿ ನನಗ’ ಎಂದ ಕಲಂದರ. ಹೌದೂ ಅಲ್ಲ, ಅಲ್ಲವೂ ಅಲ್ಲ. ಕರೆಪ್ಪ ಅದನ್ನು ಹೌದೆಂದು ತೆಗೆದುಕೊಂಡ. ತೆಗೆದುಕೊಳ್ಳಲಿ ಎಂದೇ ಹೇಳಿದ್ದ.

ಆ ಮೂರು ಮಾತು ಖಾನಾಪುರದಲ್ಲಿ ಗಾದೆಯಾಯಿತು. ಕೂಸು ಬಿದ್ದರೆ ತಾಯಂದಿರು ‘ಎದ್ದಾ, ಝಾಡಿಸಿದಾ, ಗಾಡಿ ಎತ್ತಿದಾ’ ಎಂದು ಎಬ್ಬಿಸುವರು. ಚುನಾವಣೆ ಸೋತವನಿಗೂ ಅದೇ ಮಾತು. ಮರುವರ್ಷದಿಂದ ಖಂಡೇನವಮಿಯ ದಿನ ಗಾಡಿಗಳಿಗೆ ಪೂಜೆ ಮಾಡಿ, ಕಾರ್ಖಾನೆಯ ಹಂಚು ಒಣಗಿಸುವ ಶೆಡ್ಡಿನ ಕಿಟಕಿಗೆ ಗೋಣಿತಟ್ಟು ಕಟ್ಟಿ, ಹಗಲಿನಲ್ಲೇ ಆ ಪಿಕ್ಚರ್ ನೋಡುವುದು ಪದ್ಧತಿಯಾಯಿತು. ನೋಡಿ ಮುಗಿದೊಡನೆ ಹುಡುಗರು ಗಾಡಿ ಹೊರಡಿಸಿ, ಮಣ್ಣು ಅಗೆದು ಬಿದ್ದ ಕುಣಿಗಳಲ್ಲಿ ಏರುವುದು, ಹಾರುವುದು. ಅಲ್ಲಿಯೂ ಕೆಸರು, ಅಲ್ಲಿಯೂ ದಂಡೆ. ಪಿಕ್ಚರಿನಲ್ಲಿ ಇದ್ದಂತೆಯೇ.

ಎಪ್ಪತ್ತಾರರ ಖಂಡೇನವಮಿ. ಕರೆಪ್ಪ ತಾನೂ ಗೆಳೆಯನೂ ಕೂಡಿ ಕೊಂಡ ಹಳೇ ಜಾವಾ ಹತ್ತಿ ದೊಡ್ಡ ಕುಣಿ ಹಾರಿದ. ಆಚೆಯ ದಂಡೆ ಒಂದು ಮೊಳ ತಪ್ಪಿತು. ಗಾಡಿ ಅವನ ಎಡಗಾಲ ಮೇಲೆ ಬಿತ್ತು. ಕಲಂದರ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ಕಾಲು ಇರಬಾರದ ರೀತಿಯಲ್ಲಿ ತಿರುಗಿದ್ದು ಅವನ ಕಣ್ಣಿಗೆ ಬಿತ್ತು. ಕರೆಪ್ಪ ತಲೆ ಎತ್ತಿ ಮಂದಿಯನ್ನು ನೋಡಿದ, ಆಮೇಲೆ ಕಲಂದರನನ್ನು ನೋಡಿದ. ನೋಡಿ ನಕ್ಕ.

ಓಡಿ ಹೋಗಬೇಕಿತ್ತು. ಎದೆಯ ಮೇಲೆ ಕೈ ಇಡಬೇಕಿತ್ತು. ಹೇಗೆ ಇಡಬೇಕೆಂದು ಆ ಜಾಗದಲ್ಲಿ ಗೊತ್ತಿದ್ದವನು ಕಲಂದರ ಒಬ್ಬನೇ. ಅವನು ಒಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ಮಂದಿ ಕೂಗತೊಡಗಿದರು: ‘ಎದ್ದಾ, ಝಾಡಿಸಿದಾ.’ ಕರೆಪ್ಪ ಎದ್ದ. ಮುರಿದ ಕಾಲ ಮೇಲೆ ಭಾರ ಹಾಕಿ ಗಾಡಿ ಎತ್ತಿದ. ಮಂದಿ ಚಪ್ಪಾಳೆ ತಟ್ಟಿದರು. ಕಲಂದರನೂ ತಟ್ಟಿದ. ಕರೆಪ್ಪ ಗಾಡಿ ಹತ್ತಿ ಕುಣಿಯ ಸುತ್ತ ಅರ್ಧ ಸುತ್ತು ಹೋಗಿ, ಬೂದಿಯಂತೆ ಬಿಳಿಚಿ, ಉರುಳಿದ.

ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರು ಸುತ್ತ ನಿಂತವರನ್ನು ನೋಡಿ ಕೇಳಿದರು: ‘ಬಿದ್ದಾಗ ಒಂದ ಕಡೆ ಮುರದಿತ್ತು. ಅದರ ಮ್ಯಾಲ ನಿಂತು ಮೂರು ಕಡೆ ಮಾಡ್ಕೊಂಡಾನ. ಮಲಗಿಸಿ ಒಂದು ಹಲಿಗಿ ಮ್ಯಾಲ ಹಾಕ್ಕೊಂಡು ಬರಾವ್ರು ಅಲ್ಲಿ ಒಬ್ಬರೂ ಇರಲಿಲ್ಲೇನ್ರಿ?’ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲಂದರ ತನ್ನ ಚಪ್ಪಲಿ ನೋಡಿಕೊಂಡ.

ಕರೆಪ್ಪನ ಎಡಗಾಲು ನಾಲ್ಕು ಬೆರಳು ಗಿಡ್ಡವಾಯಿತು. ಮಣ್ಣು ತುಳಿಯುವ ಕೆಲಸ ಹೋಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಸ್ಟೂಲಿನ ಮೇಲೆ ಕುಳಿತು ಮಾಡುವ ಗಾಡಿ ರಿಪೇರಿ ಕಲಿತ. ಗೊತ್ತಾದ ಹೆಣ್ಣಿನ ಕಡೆಯವರು ಒಂದು ಸಲ ಬಂದು ಅವನ ನಡಿಗೆ ನೋಡಿ ಹೋದವರು ತಿರುಗಿ ಬರಲಿಲ್ಲ. ಅವನ ಅವ್ವ ಕಾಡವ್ವ ಮಾತ್ರ ಆಸ್ಪತ್ರೆಯ ಬಾಗಿಲಲ್ಲೇ ಕಲಂದರನ ಎರಡೂ ಕೈ ಹಿಡಿದುಕೊಂಡಿದ್ದಳು. ‘ಖರೇ ಹೇಳ್ತೇನ್ರಿ ಸಾಬರ, ಕಾಲು ಹೋದ್ರೂ ನನ್ನ ಮಗ ಒಂದ ಹನಿ ಕಣ್ಣೀರ ಹಾಕಿಲ್ಲ. ನಿಮ್ಮ ಪಿಕ್ಚರ್ ಅಂವಗ ಧೈರ್ಯ ಕೊಟ್ಟೈತಿ.’

ಆ ವರ್ಷದಿಂದ ದೀಪಾವಳಿಗೆ ಕಾಡವ್ವ ಹೊಸ ಅಕ್ಕಿಯ ಒಂದು ಚೀಲ ಕಳಿಸತೊಡಗಿದಳು. ಮದರಬೀ ಅನ್ನ ಮಾಡಿದರೆ ಓಣಿಯೆಲ್ಲ ಘಮಘಮ. ಕಲಂದರ ಒಂದು ತುತ್ತು ಬಾಯಿಗಿಟ್ಟು, ಹೊಟ್ಟೆ ನೋವೆಂದು ಏಳುತ್ತಿದ್ದ. ಎರಡನೆಯ ವರ್ಷಕ್ಕೆ ಮದರಬೀಗೆ ತಿಳಿಯಿತು. ಆ ಅಕ್ಕಿಯನ್ನು ಓಣಿಗೆ ಹಂಚಿ, ಅವನಿಗೆ ರೇಷನ್ ಅಕ್ಕಿಯ ಅನ್ನ ಬಡಿಸಿದಳು.

ಆ ತುಂಡನ್ನು ತಿರುಗಿ ಅಂಟಿಸಬಹುದಿತ್ತಲ್ಲ ಎಂದು ಕೇಳುವವರು ಕೇಳಬಹುದು. ಕಲಂದರ ಮೂರು ಸಲ ಪಾನದಾನದ ತನಕ ಕೈ ಒಯ್ದದ್ದು ಉಂಟು. ಅಂಟಿಸಿದರೆ ಕರೆಪ್ಪ ನೋಡುತ್ತಾನೆ. ನೋಡಿದರೆ ಕೇಳುತ್ತಾನೆ. ಬಾಯಿ ಬಿಟ್ಟರೆ ಬಣ್ಣಗೇಡು. ಡಬ್ಬಿಯನ್ನೇ ಒಯ್ಯದೆ ಇರಬಹುದಿತ್ತು. ಒಂದು ವರ್ಷ ಹಾಗೂ ಮಾಡಿದ, ಜ್ವರ ಎಂದು ಹೇಳಿ ಕಳಿಸಿದ. ಕರೆಪ್ಪನೇ ಕುಂಟುತ್ತ ಬಸ್ಸು ಹತ್ತಿ ಬಂದು, ಮೋಸಂಬಿ ತಂದು, ತಲೆದಿಂಬಿನ ಬಳಿ ಕುಳಿತು, ಡಬ್ಬಿ ತಾನೇ ಹೊತ್ತುಕೊಂಡು ಹೋದ.

ಪಿಕ್ಚರ್ ಮಾತ್ರ ಬೆಳೆಯುತ್ತ ಹೋಯಿತು. ಮೊದಲು ನೋಡಿದವರ ತಮ್ಮಂದಿರು ಬಂದರು, ಅಳಿಯಂದಿರು ಬಂದರು. ಬೆಳಗಾವಿಯ ಆಟೋ ನಗರದ ಫಿಟ್ಟರುಗಳು ತಮ್ಮ ಗಾಡಿ ತಾವೇ ಬಿಚ್ಚಿ ಕಟ್ಟಿ ಖಾನಾಪುರಕ್ಕೆ ಬರತೊಡಗಿದರು. ಸರಕಾರಿ ದವಾಖಾನೆಯ ನರ್ಸ್ ಪದ್ಮವ್ವ ಒಂದು ಲೂನಾ ಕೊಂಡು, ಹೊಳೆಯಾಚೆಯ ಹಳ್ಳಿಗಳಿಗೆ ಬಾಣಂತನಕ್ಕೆ ಹೋಗತೊಡಗಿದಳು. ಮಂದಿ ನಕ್ಕರೆ, ‘ಆ ಮಾಸ್ತರನ ಹೇಣ್ತಿ ಗುಡ್ಡ ಏರ್ತಾಳ, ನಾ ಹಳ್ಳ ದಾಟಬಾರದೇನು?’ ಎಂದಳು. ಎಷ್ಟೋ ಬಾಣಂತಿಯರ ಪ್ರಾಣ ಉಳಿಯಿತು. ಅವರೆಲ್ಲ ಕಲಂದರನಿಗೆ ನಮಸ್ಕಾರ ಹೇಳಿ ಕಳಿಸುವರು. ಬಂದ ಒಂದೊಂದು ನಮಸ್ಕಾರಕ್ಕೂ ಅವನ ಕಿವಿ ಬಿಸಿಯಾಗುತ್ತಿತ್ತು. ಬೈಗಳ ತಿಂದು ಬದುಕಿದ ದಿನಗಳೇ ಹಗುರವಾಗಿದ್ದವು ಎನಿಸುತ್ತಿತ್ತು.

ಎಂಬತ್ತೇಳಕ್ಕೆ ಗುರುಪುತ್ರಪ್ಪನವರ ಟೆಂಟು ಮುಚ್ಚಿ ಎರಡು ವರ್ಷವಾಗಿತ್ತು. ಮನೆಮನೆಗೆ ಟೀವಿ ಬಂದಿತ್ತು. ತಮ್ಮ ಸಣ್ಣ ಮಷೀನನ್ನು ಅವರು ಕಲಂದರನಿಗೇ ಕೊಟ್ಟಿದ್ದರು. ಖಂಡೇನವಮಿ ಎಂಟು ದಿನ ಇದ್ದಾಗ ಅವನು ಶೆಡ್ಡಿನ ಕರೆಂಟಿನ ವ್ಯವಸ್ಥೆ ನೋಡಲು ಖಾನಾಪುರಕ್ಕೆ ಹೋದ. ಕರೆಪ್ಪನ ಅಂಗಡಿಯಲ್ಲಿ ಚಹಾ ಬಂತು. ಎದುರಿಗೆ ಕರೆಪ್ಪನ ಅಕ್ಕನ ಮಗ ಸಿದರಾಯ, ಇಪ್ಪತ್ತರ ಹರೆಯದವನು, ಸೋದರಮಾವನಂತೆಯೇ ಅಗಲ ಎದೆಯವನು, ಗಾಡಿಯ ಸರಪಳಿ ಬಿಗಿಯುತ್ತಿದ್ದ.

‘ಈ ಸಲ ದೊಡ್ಡ ಕುಣಿ ಹಾರ್ತಾನ’ ಎಂದ ಕರೆಪ್ಪ, ಹೆಮ್ಮೆಯಿಂದ. ‘ನಂದು ಒಂದು ಮೊಳ ತಪ್ಪಿತ್ತು. ಆ ಮೊಳ ಇಂವ ತುಂಬಸ್ತಾನ.’

‘ಬಿದ್ರ ಮಾಮಾ?’ ಎಂದ ಸಿದರಾಯ, ನಗುತ್ತ.

‘ಬಿದ್ರ ಮಲಗಬ್ಯಾಡ. ಮಲಗಿದಾಂವ ಏಳೂದಿಲ್ಲ. ಮಂದಿ ಕೈ ಹಚ್ಚೂಕಿಂತ ಮೊದಲ ಎದ್ದು ನಿಂದ್ರಬೇಕು. ಹೌದಲ್ರಿ ವಸ್ತಾದ?’

ಕಲಂದರ ಚಹಾದ ಬಸಿ ಕೆಳಗಿಟ್ಟ. ತಾನು ಮೈಕಿನಲ್ಲಿ ಆಡಿದ್ದು ಹದಿಮೂರು ವರ್ಷ ನಡೆದುಕೊಂಡು ಬಂದು, ಕುಂಟುಗಾಲಿನವನ ಬಾಯಿಂದ ಗಟ್ಟಿಗಾಲಿನವನ ಕಿವಿಗೆ ಹೋಗುತ್ತಿತ್ತು. ‘ಅಲ್ಲ’ ಎನ್ನಲು ಅವನು ಬಾಯಿ ತೆರೆದ. ‘ಚಹಾ ಭಾಳ ಬಿಸಿ ಐತಿ’ ಎಂದ.

ಆ ದಿನ ಮನೆಗೆ ಬಂದವನು ಪಾನದಾನದ ಮುಂದೆ ಕುಳಿತುಕೊಂಡ. ಮದರಬೀ ತಾನೇ ಕೆಳಗಿನ ಖಾನೆ ತೆಗೆದು ಅವನ ಕಡೆ ಸರಿಸಿದಳು. ಸುರುಳಿ ಗಟ್ಟಿಯಾಗಿ ಮುದುಡಿತ್ತು, ಕಾಚಿನ ಬಣ್ಣ ಹತ್ತಿತ್ತು, ಹುಳಿಯ ವಾಸನೆ.

‘ಓಡ್ತೈತೇನ್ರಿ ಇದು?’

‘ಓಡಸ್ತೇನಿ.’

‘ಕರೆಪ್ಪಗ ಮೊದಲ ಹೋಗಿ ಹೇಳಬಾರದೇನ್ರಿ?’

‘ಬಾಯಿ ಬರವಲ್ದು, ಮದರಬೀ. ಇವತ್ತ ಹೋಗಿದ್ದೆ. ಬರಲಿಲ್ಲ.’

ಮೂರು ದಿನ ಆ ತುಂಡನ್ನು ಒದ್ದೆ ಬಟ್ಟೆಯ ಜೊತೆ ಡಬ್ಬಿಯಲ್ಲಿಟ್ಟು ಮೆದು ಮಾಡಿದ. ಹಳೆಯ ಅಂಟು ಬಿಡಿಸಿ, ಅಂಚು ಕೆರೆದು, ಎರಡು ಸಲ ಕೆಟ್ಟು, ಮೂರನೆಯ ಸಲಕ್ಕೆ ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು ಕುಳಿತ. ಬಹಳ ಹೊತ್ತು ಹಿಡಿದಿದ್ದ.

ಖಂಡೇನವಮಿಯ ಮಧ್ಯಾಹ್ನ ಶೆಡ್ಡು ತುಂಬಿತ್ತು. ಗಾಡಿಗಳ ಹ್ಯಾಂಡಲಿಗೆ ಚೆಂಡುಹೂವು, ಗಾಲಿಯ ಕೆಳಗೆ ಲಿಂಬೆಹಣ್ಣು. ಮುಂದಿನ ಸಾಲಿನಲ್ಲಿ ಕರೆಪ್ಪ, ಅವನ ಬಾಜು ಸಿದರಾಯ. ಹಿಂದೆ ಹೆಂಗಸರ ನಡುವೆ ಕಾಡವ್ವ. ಕಲಂದರ ಮೈಕು ಹಿಡಿದು ಎಂದಿನಂತೆ ಶುರು ಮಾಡಿದ. ಬ್ರೆಡ್ಡಿನವನು ಬಂದಾಗ, ‘ಇನ್ನೂ ಉಂಡಿಲ್ಲ’ ಎಂದು ಅವನು ಹೇಳುವ ಮೊದಲೇ ಮಂದಿ ಹೇಳಿದರು. ದೊಡ್ಡ ರೇಸು ಬಂತು. ಮಣ್ಣಿನ ದಂಡೆ ಬಂತು. ಬಿದ್ದ.

‘ಎದ್ದಾ’ ಎಂದು ಇಡೀ ಶೆಡ್ಡು ಕೂಗಿತು.

ಪರದೆಯ ಮೇಲೆ ಅವನು ಏಳಲಿಲ್ಲ. ಏಳಲು ಹೋದ, ಗೆಳೆಯನೊಬ್ಬ ಓಡಿ ಬಂದ, ಎದೆಯ ಮೇಲೆ ಕೈ ಇಟ್ಟ. ಕಲಂದರ ಇಲ್ಲಿ ಹೇಳಬೇಕೆಂದು ಎಂಟು ದಿನದಿಂದ ಮಾತು ಕಟ್ಟಿಕೊಂಡಿದ್ದ. ಮೈಕು ಬಾಯಿಯ ಹತ್ತಿರವೇ ಇತ್ತು. ಗಂಟಲಿನಿಂದ ಗಾಳಿಯಷ್ಟೇ ಬಂತು, ಅದು ಭೋಂಗಾದಲ್ಲಿ ಹಸ್ ಎಂದು ಕೇಳಿಸಿತು.

‘ಕಲಂದರಚಾಚಾಗ ನಿದ್ದಿ ಹತ್ತೈತಿ’ ಎಂದ ಒಬ್ಬ.

‘ರೀಲು ಅದಲ ಬದಲ ಆಗೇತಿ. ಇದು ಯಾವುದೋ ಬ್ಯಾರೆ ಪಿಕ್ಚರ್’ ಎಂದ ಇನ್ನೊಬ್ಬ.

ಕರೆಪ್ಪ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕಾಲಿಗೆ ಹಲಗೆ ಕಟ್ಟುವುದು ಬಂತು. ನಾಲ್ವರು ಹೊತ್ತು ನಡೆಯುವುದು ಬಂತು. ಮಂಚ, ಕೋಲು, ಕೊನೆಗೆ ನೆಟ್ಟಗೆ ನಡೆಯುತ್ತ ಬ್ರೆಡ್ ಹಂಚುವುದು. ಆಮೇಲೆ ಕೆಸರಿನ ಮನುಷ್ಯ ಗೆರೆ ದಾಟಿದ. ಬಡಿಗ. ಅವನು ಬೇರೆ ಮನುಷ್ಯ ಎಂಬುದು ಈಗ ಸಣ್ಣ ಕೂಸಿಗೂ ತಿಳಿಯುವಂತಿತ್ತು. ಯಾರೋ ಕಿಟಕಿಯ ತಟ್ಟು ಸರಿಸಿದರು. ಬಿಸಿಲು ಬಂತು.

ಕರೆಪ್ಪ ಎದ್ದು, ಕುಂಟುತ್ತ, ಮಷೀನಿನ ಹತ್ತಿರ ಬಂದ. ಕಲಂದರ ಎದ್ದು ನಿಂತ.

‘ಆ ತುಂಡು ಎಲ್ಲಿತ್ತು?’

‘ನನ್ನ ಮನ್ಯಾಗ.’

‘ಎಷ್ಟು ದಿವಸದಿಂದ?’

‘ಹದಿಮೂರು ವರ್ಷ. ನಾನ ಕತ್ತರಿಸಿದ್ದು. ಸೀಟಿ ಬೀಳಲಿ ಅಂತ.’

ಕರೆಪ್ಪ ಮಷೀನಿನ ಮೇಲೆ ಕೈಯೂರಿದ. ಬಿಸಿಯಾಗಿದ್ದೀತು, ಆದರೂ ತೆಗೆಯಲಿಲ್ಲ. ‘ನಾ ಬಿದ್ದಾಗ ನೀವು ಅಲ್ಲೇ ಇದ್ರಿ.’

‘ಇದ್ದೆ.’

‘ನಾ ನಿಮ್ಮ ಮಾರಿ ನೋಡಿದ್ದೆ.’

‘ನೋಡಿದ್ದಿ.’

‘ಚಪ್ಪಾಳಿ ಹೊಡದ್ರಿ.’

‘ಹೊಡದೆ.’

ಕಲಂದರ ಏಟಿಗೆ ಕಾಯ್ದ. ಬಿದ್ದರೆ ಒಳ್ಳೆಯದಿತ್ತು. ಕರೆಪ್ಪ ಅವನ ಮುಖ ನೋಡದೆ, ಸ್ಟೂಲಿನ ಮೇಲಿದ್ದ ಮೈಕನ್ನು ಎತ್ತಿ ಅವನ ಕೈಗೆ ಕೊಟ್ಟ.

‘ಆ ತುಂಡ ಮತ್ತೊಮ್ಮೆ ಹಚ್ರಿ, ಕಲಂದರಸಾಬರ. ಈ ಸಲ ಬಾಯಿಬಿಟ್ಟು ಹೇಳ್ರಿ. ನಮ್ಮ ಸಿದರಾಯ ಕೇಳಲಿ.’

ವಸ್ತಾದ ಎನ್ನಲಿಲ್ಲ. ಕಲಂದರ ಅದನ್ನು ಗಮನಿಸಿದ.

ಕಿಟಕಿಗೆ ತಟ್ಟು ಮತ್ತೆ ಬಿತ್ತು. ಕಲಂದರ ರೀಲನ್ನು ಕೈಯಿಂದ ಹಿಂದಕ್ಕೆ ಸುತ್ತಿದ, ಮಷೀನು ಹಚ್ಚಿದ. ದನಿ ಗೊಗ್ಗರಾಗಿತ್ತು, ಕನ್ನಡ ಮರಾಠಿ ಎರಡೂ ತಡವರಿಸುತ್ತಿದ್ದವು. ‘ಬಿದ್ದಾ. ಏಳಬೇಕಂತ ಮಾಡಿದಾ. ಇಂವ ಅವನ ದೋಸ್ತ. ಎದಿ ಮ್ಯಾಲ ಕೈ ಇಟ್ಟಾನ. ಏಳಬ್ಯಾಡ, ನಾ ಅದೇನಿ, ಮಲಗು ಅಂತಾನ. ಹಲಿಗಿ ಕಟ್ಟಿದ್ರು. ಇದಕ್ಕ ಅವನ ಕಾಲು ಉಳೀತು. ಇಂವ ಗೆಲ್ಲಲಿಲ್ಲ. ಗೆದ್ದಾಂವ ಬ್ಯಾರೆ. ನಾ ನಿಮಗ ಸುಳ್ಳ ಹೇಳಿದ್ದೆ. ಕರೆಪ್ಪ ಬಿದ್ದ ದಿವಸ ನನಗ ಇದು ಗೊತ್ತಿತ್ತು.’ ಕೊನೆಯ ಮಾತನ್ನು ಮರಾಠಿಯಲ್ಲಿಯೂ ಹೇಳಿದ, ಯಾರಿಗೂ ತಿಳಿಯದೆ ಉಳಿಯಬಾರದೆಂದು.

ಸೀಟಿ ಇಲ್ಲ, ಬೈಗಳವೂ ಇಲ್ಲ. ಮಂದಿ ಅವನನ್ನು ಸುತ್ತು ಹಾಕಿ, ಮೈ ತಾಗದಂತೆ, ಹೊರಗೆ ಹೋದರು. ಕಾಡವ್ವ ಒಂದು ಗಳಿಗೆ ಅವನ ಎದುರು ನಿಂತಳು. ಏನೋ ಹೇಳುತ್ತಾಳೆಂದು ಅವನು ತಲೆ ಎತ್ತಿದ. ಅವಳು ಸೆರಗು ಎಳೆದುಕೊಂಡು ನಡೆದಳು.

ಸಿದರಾಯ ಹಾರುವುದನ್ನು ಬಿಡಲಿಲ್ಲ. ಆದರೆ ಗಾಡಿ ಹೊರಡುವ ಮೊದಲು ಕರೆಪ್ಪ ಹಂಚು ಒಣಗಿಸುವ ಹಲಗೆಯೊಂದನ್ನು ತರಿಸಿ ಆಚೆ ದಂಡೆಯಲ್ಲಿ ಇಡಿಸಿದ, ನಾಲ್ವರನ್ನು ಕರೆದ. ಮೂವರು ಬಂದು ನಿಂತರು. ನಾಲ್ಕನೆಯ ಮೂಲೆಗೆ ಯಾರೆಂದು ಅತ್ತಿತ್ತ ನೋಡುವಾಗ ಕಲಂದರ ಹೋಗಿ ನಿಂತ. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಗಾಡಿ ಏರಿತು, ಗಾಳಿಯಲ್ಲಿ ತೇಲಿತು, ಆಚೆ ದಂಡೆಯ ಅಂಚಿಗೆ ಹಿಂದಿನ ಗಾಲಿ ಬಡಿದು ವಾಲಿತು. ಸಿದರಾಯ ಬಿದ್ದ. ಬಿದ್ದವನು ಕೈ ಚಾಚಿ ಹಾಗೇ ಮಲಗಿದ. ಕಲಂದರ ತನ್ನ ಐವತ್ತರ ಮೈ ಹೊತ್ತು ಎಲ್ಲರಿಗಿಂತ ಮೊದಲು ಓಡಿ, ಮೊಣಕಾಲೂರಿ, ಅವನ ಎದೆಯ ಮೇಲೆ ಅಂಗೈ ಇಟ್ಟ.

‘ಏನೂ ಆಗಿಲ್ರಿ ಚಾಚಾ’ ಎಂದ ಸಿದರಾಯ.

‘ಗೊತ್ತೈತಿ. ಮಲಗು.’

ಪದ್ಮವ್ವ ಲೂನಾ ಹತ್ತಿ ಬಂದು ಕಾಲು ಮುಟ್ಟಿ, ಬೆನ್ನು ಮುಟ್ಟಿ, ‘ಏಳಪಾ ಈಗ’ ಎನ್ನುವ ತನಕ ಆ ಕೈ ತೆಗೆಯಲಿಲ್ಲ. ಸಿದರಾಯನಿಗೆ ಮೊಣಕೈ ತರಚಿದ್ದಷ್ಟೇ. ಕಲಂದರ ತಿರುಗಿ ನೋಡಿದಾಗ ಕರೆಪ್ಪ ಅಲ್ಲಿರಲಿಲ್ಲ. ದೂರದಲ್ಲಿ ಶೆಡ್ಡಿನ ಕಡೆ ಅವನ ಬೆನ್ನು, ಒಂದು ಹೆಜ್ಜೆಗೆ ಏಳುತ್ತ, ಒಂದು ಹೆಜ್ಜೆಗೆ ಬೀಳುತ್ತ ಹೋಗುತ್ತಿತ್ತು.

ಆ ದೀಪಾವಳಿಗೆ ಅಕ್ಕಿಯ ಚೀಲ ಬರಲಿಲ್ಲ. ಮದರಬೀ ಬಾಗಿಲ ಕಡೆ ಎರಡು ದಿನ ನೋಡಿದಳು. ‘ಈ ವರ್ಷ ಬರೂದಿಲ್ಲ’ ಎಂದ ಕಲಂದರ. ‘ಇನ್ನ ಬರೂದಿಲ್ಲ.’ ರೇಷನ್ ಅಕ್ಕಿಯ ಅನ್ನವನ್ನು ಅಂದು ಎರಡು ಸಲ ಹಾಕಿಸಿಕೊಂಡು ಉಂಡ.

ಮುಂದಿನ ವರ್ಷ ಖಂಡೇನವಮಿಗೆ ಕರೆಪ್ಪ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಾತು ಕಳಿಸಿದ: ಡಬ್ಬಿ ಬರಲಿ. ನೀವು ಬರ್ರಿ ಎಂದಿರಲಿಲ್ಲ. ಆದರೆ ಮಷೀನು ಓಡಿಸುವವನು ಬೇಕಲ್ಲ, ಕಲಂದರ ಹೋದ. ಮೈಕು ಈಗ ಕರೆಪ್ಪನ ಕೈಯಲ್ಲಿತ್ತು. ಕಲಂದರ ಹಿಂದೆ, ಮೊದಲಿನಂತೆ, ಕತ್ತಲೆಯಲ್ಲಿ. ಬ್ರೆಡ್ಡಿನವನು ಬಿದ್ದ. ‘ಮಲಗು’ ಎಂದು ಶೆಡ್ಡು ಕೂಗಿತು. ಹೊರಗೆ ಹಲಗೆಗೆ ಸಹ ಯಾರೋ ಕುಂಕುಮ ಹಚ್ಚಿ ಹೂ ಏರಿಸಿದ್ದರು.

ಹೊಸದಾಗಿ ಬಂದ ಫಿಟ್ಟರನೊಬ್ಬ ಕೇಳಿದ: ‘ಮಾಮಾ, ನಮ್ಮಣ್ಣ ನೋಡಿದಾಗ ಈ ದವಾಖಾನಿ ಇರಲಿಲ್ಲಂತ. ಇದು ಎಲ್ಲಿಂದ ಬಂತ್ರಿ?’

ಕರೆಪ್ಪ ಮೈಕಿನ ವೈರು ಸುತ್ತುತ್ತಿದ್ದ. ಮಷೀನಿನ ಹಿಂದೆ ಕಲಂದರನ ಕೈ ರೀಲಿನ ಮೇಲೆ ನಿಂತಿತು.

‘ಮೊದಲ ಇರಲಿಲ್ಲ’ ಎಂದ ಕರೆಪ್ಪ. ‘ಆಮ್ಯಾಲ ಸಿಕ್ತು.’

ಯಾರ ಹತ್ತಿರ ಎಂದು ಹೇಳಲಿಲ್ಲ. ಹೇಳಿದ್ದರೆ ಕಲಂದರ ತಲೆ ಬಾಗಿಸಿ ಕೇಳಿಸಿಕೊಳ್ಳುತ್ತಿದ್ದ. ಹೇಳದೆ ಬಿಟ್ಟದ್ದನ್ನು ಹೊತ್ತುಕೊಳ್ಳುವುದು ಹೇಗೆಂದು ತಿಳಿಯದೆ, ಅವನು ಡಬ್ಬಿಗೆ ಮುಚ್ಚಳ ಹಾಕಿ, ಗಾಡಿಗೆ ಕಟ್ಟಿ, ಬೆಳಗಾವಿಯ ದಾರಿ ಹಿಡಿದ. ಈಗ ಊರೊಳಗೂ ಅವನು ಗಾಡಿಯ ಸದ್ದು ಏರಿಸಲಿಲ್ಲ. ಹೊಳೆಯ ಸೇತುವೆಯ ಇಳಿಜಾರಿನಲ್ಲಿ, ಎಲ್ಲರೂ ನೋಡುತ್ತಿರುವಾಗಲೇ, ಇಳಿದು ನೂಕಿಕೊಂಡು ಹೋದ.